ಮಳೆ ಮುಗಿದ ಮೇಲೆ ಬಿಚ್ಚುವ ರಗ್ಗು

ಐರ್ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಸಾಗರದ ಜನ ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ, ಫೋಟೋ ತೋರಿಸಿ ಎನ್ನುತ್ತಾರೆ. ಚಳಿ ಸಾಕಷ್ಟಿತ್ತು. ಊಟಕ್ಕೆ ಅಕ್ಕನ ಮನೆಯಲ್ಲಿ ಅನ್ನ ಸಾರು ಇತ್ತು. ಫೋಟೋ ಮಾತ್ರ ಕೇಳಬೇಡಿ. ನನ್ನ ಮೊಬೈಲಿನಲ್ಲಿ ಕೋಟೆಗಳಿಲ್ಲ, ಕಡಲಂಚಿನ ಬಂಡೆಗಳಿಲ್ಲ, ಹಸಿರು ಗುಡ್ಡಗಳೂ ಇಲ್ಲ. ಇರುವುದೆಲ್ಲ ಒಂದು ಮುದಿ ಕುದುರೆಯ ಬೆನ್ನು, ಹೆಗಲು, ಪಕ್ಕೆ. ನೋಡಿದವರು ಮುಖ ಕಿವುಚಿಕೊಂಡು ಫೋನು ವಾಪಸು ಕೊಡುತ್ತಾರೆ. ಆದರೂ ಪರದೇಶದಲ್ಲಿ ನಾನು ನೋಡಿ ಬಂದದ್ದು ಅದನ್ನೇ, ಹಾಗಾಗಿ ಬರೆಯುವುದೂ ಅದನ್ನೇ.

ತಾಳಗುಪ್ಪ

ನಾನು ಪಶುವೈದ್ಯೆ, ಈಗ ನಿವೃತ್ತೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಅರ್ಧ ನೌಕರಿ ಹೊಸನಗರದಲ್ಲಿ, ಇನ್ನರ್ಧ ಸಾಗರದಲ್ಲಿ. ದನ, ಎಮ್ಮೆ, ನಾಯಿಗಳ ನಡುವೆ ಆಯುಸ್ಸು ಕಳೆದವಳಿಗೆ ಕುದುರೆ ಎಂದರೆ ಸಾಗರದಲ್ಲಿ ಮದುವೆ ದಿಬ್ಬಣಕ್ಕೆ ಬರುತ್ತಿದ್ದ ಒಂದು ಬಿಳಿ ಕುದುರೆ, ಅಷ್ಟೇ. ಬ್ಯಾಂಡ್‌ಸೆಟ್ಟಿನ ಸದ್ದಿಗೆ ಅದರ ಹೊಟ್ಟೆ ಕೆಡುತ್ತಿತ್ತು. ಔಷಧ ಕುಡಿಸಲು ನನ್ನನ್ನು ಕರೆಯುತ್ತಿದ್ದರು. ಮದುವೆಯ ದಿನ ಅದರ ಬೆನ್ನ ಮೇಲೆ ಜರಿಯ ಜೂಲು, ಉಳಿದ ದಿನ ಬರಿಮೈ. ಮಳೆಗಾಲದಲ್ಲಿ ಇಕ್ಕೇರಿ ರಸ್ತೆಯ ಬದಿಯಲ್ಲಿ ನೆನೆಯುತ್ತಾ ನಿಂತಿರುತ್ತಿತ್ತು. ನಿನಗೆ ಚಳಿಯೇ ಎಂದು ಅದನ್ನು ಯಾರಾದರೂ ಕೇಳಿದ್ದು ನನಗೆ ಗೊತ್ತಿಲ್ಲ, ನಾನೂ ಕೇಳಲಿಲ್ಲ.

ನನ್ನ ಅಕ್ಕ ಸರೋಜ ನರ್ಸ್ ಆಗಿ ಮೊದಲು ಅರಬ್ ದೇಶಕ್ಕೆ, ಅಲ್ಲಿಂದ ಐರ್ಲೆಂಡಿಗೆ ಹೋದವಳು. ಅಲ್ಲಿಯವನೇ ಆದ ಡೆನಿಸ್‌ನನ್ನು ಮದುವೆಯಾದಳು. ಭಾವ ಒಳ್ಳೆಯ ಮನುಷ್ಯ. ಒಮ್ಮೆ ತೀರ್ಥಹಳ್ಳಿಗೆ ಬಂದಾಗ 'ಸಾಕು' ಎಂಬ ಒಂದೇ ಕನ್ನಡ ಪದ ಕಲಿತಿದ್ದ. ಅವನು ಸಾಕು ಎಂದಾಗಲೆಲ್ಲ ನಮ್ಮವ್ವ ನಾಚಿಕೊಳ್ಳುತ್ತಾನೆ ಎಂದುಕೊಂಡು ಇನ್ನೊಂದು ಕಡುಬು ಬಡಿಸುತ್ತಿದ್ದಳು. ಆ ಭಾವ ತೀರಿಕೊಂಡ. ಮಕ್ಕಳಿಲ್ಲ. ಅಕ್ಕನಿಗೆ ಉಳಿದದ್ದು ಒಂದು ಮನೆ, ಒಂದು ಹುಲ್ಲುಗಾವಲು, ಅದರಲ್ಲಿ ಭಾವನ ಕುದುರೆ ರೋರಿ.

ಹೋದ ವರ್ಷ ಆಷಾಢದಲ್ಲಿ ಅವ್ವ ನನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು. ಅಕ್ಕನಿಗೆ ಫೋನ್ ಮಾಡಿದೆ. ತುಂಬ ಅತ್ತಳು. ಅತ್ತು ಮುಗಿದ ಮೇಲೆ ಅಂದಳು:

"ನಾ ಹೆಂಗ್ ಬರ್ಲಿ ಜಯಾ? ರೋರಿನ್ನ ಯಾರ್ ನೋಡ್ಕೊಳ್ತಾರೆ? ದಿನಾ ಅದರ ರಗ್ಗು ನೋಡ್ಬೇಕು. ಇಲ್ಲಿ ಮಳೆ ಬಿಡೋದೇ ಇಲ್ಲ ಮಾರಾಯ್ತಿ."

ನಮ್ಮ ಕಡೆ ಹೆಣ್ಣುಮಕ್ಕಳು ತಂದ ಸೀರೆಯನ್ನು ಹೊದಿಸಿದ ಮೇಲೆಯೇ ತಾಯಿಯನ್ನು ಎತ್ತುವುದು. ಹಿರಿಮಗಳ ಸೀರೆ ಮೊದಲು ಬೀಳಬೇಕು. ನಾನು ಅಂಗಡಿಯಿಂದ ಎರಡು ಸೀರೆ ತರಿಸಿದೆ. ಒಂದನ್ನು ಅಕ್ಕನ ಹೆಸರು ಹೇಳಿ ಹೊದಿಸಿದೆ, ಆಮೇಲೆ ನನ್ನದು. ಕುದುರೆಗೆ ಹೊದಿಸಲು ಅಲ್ಲಿ ಉಳಿದವಳು ಹೆತ್ತವಳಿಗೆ ಹೊದಿಸಲು ಬರಲಿಲ್ಲವಲ್ಲ ಎಂಬ ಸಿಟ್ಟು ಅವತ್ತು ಎದೆಯಲ್ಲಿ ಕೂತಿತು. ತಿಂಗಳುಗಳು ಕಳೆದರೂ ಇಳಿಯಲಿಲ್ಲ.

ಹಾಗಿರುವಾಗ ಯುಗಾದಿ ಕಳೆದ ಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. "ಒಂದ್ಸಲ ಬಂದ್ ಹೋಗೇ ಜಯಾ. ನಿನ್ನ ನೋಡ್ಬೇಕು ಅನ್ನಿಸ್ತಿದೆ."

ಅಷ್ಟೊಂದು ದಿನ ಕಾದಿಟ್ಟುಕೊಂಡ ಸಿಟ್ಟು ಆ ಒಂದು ಮಾತಿಗೆ ಕರಗಿತು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅಕ್ಕನಿಗೆ ಇಷ್ಟವೆಂದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಅವ್ವನ ಒಂದು ಹಳೆಯ ರವಿಕೆ, ಇಷ್ಟನ್ನೂ ಚೀಲಕ್ಕೆ ತುಂಬಿದೆ. ತಾಳಗುಪ್ಪದಲ್ಲಿ ರೈಲು ಹತ್ತಿಸಲು ಬಂದ ನಮ್ಮನೆಯವರು, "ಜಗಳ ಮಾಡ್ಕೊಂಡ್ ಬರ್ಬೇಡ ಮಾರಾಯ್ತಿ" ಎಂದು ಬೀಳ್ಕೊಟ್ಟರು.

ಡಬ್ಲಿನ್‌ನಿಂದ ಬಸ್ಸು

ಉಪ್ಪಿನಕಾಯಿ ವಿಮಾನದಲ್ಲೇ ಸೋರಿತ್ತು. ಕಸ್ಟಮ್ಸಿನ ಮನುಷ್ಯ ಚೀಲ ತೆರೆದು, ಮೂಗಿನ ಹತ್ತಿರ ತಂದು, ಎರಡು ಸಲ ಸೀನಿ, ಇದೇನು ಎಂದ. ಎಳೆಯ ಮಾವು ಎಂದೆ. ಅವನು ಒಂದು ಮಿಡಿಯನ್ನು ಸಂಶಯದಿಂದ ನೋಡಿ, ಇಷ್ಟು ಎಳೆಯದನ್ನು ಯಾಕೆ ಕಿತ್ತಿರಿ ಪಾಪ ಎಂದು ಕೇಳಿ, ಚೀಲ ಮುಚ್ಚಿ ಕೊಟ್ಟ. ಆಮೇಲೆ ಬಸ್ಸಿನ ತುಂಬ ನಮ್ಮ ಉಪ್ಪುನೀರಿನ ವಾಸನೆ. ಜನ ಮೂಗು ಮುಚ್ಚಿಕೊಳ್ಳಲಿಲ್ಲ, ಒಬ್ಬೊಬ್ಬರಾಗಿ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು. ನಾನು ಹಿಂದೆ ತಿರುಗಿ ನೋಡಿದರೆ ಎಲ್ಲರೂ ನಕ್ಕು ತಲೆ ಆಡಿಸುತ್ತಿದ್ದರು.

ಆ ದೇಶದ ಮರ್ಯಾದೆಯ ವಿಷಯ ಹೇಳಿದರೆ ಸಾಗರದಲ್ಲಿ ಯಾರೂ ನಂಬುವುದಿಲ್ಲ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬನೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾನೆ. ಕೋಲು ಊರುವ ಮುದುಕಿಯಿಂದ ಹಿಡಿದು ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡ ಹುಡುಗಿಯ ತನಕ. ಮೊದಲ ಎರಡು ಸ್ಟಾಪಿನಲ್ಲಿ, ಡ್ರೈವರ್ ಇವರಿಗೆಲ್ಲ ನೆಂಟನಿರಬೇಕು ಎಂದುಕೊಂಡೆ. ನಮ್ಮ ಹೊಸನಗರದ ಬಸ್ಸಿನಲ್ಲಿ ಕಂಡಕ್ಟರ್ ಪೂರ್ತಿ ನಿಲ್ಲಿಸಿ ಇಳಿಸಿದರೆ ನಾವೇ ದೇವರಿಗೆ ಕೈಮುಗಿಯುತ್ತೇವೆ, ಕಂಡಕ್ಟರ್‌ಗೆ ಅಲ್ಲ.

ಹೊರಗೆ ಮಳೆ. ನಮ್ಮ ಮಳೆಯಂತೆ ಬಂದು ಹೊಡೆದು ಹೋಗುವ ಮಳೆಯಲ್ಲ, ಸುಮ್ಮನೆ ಇರುವ ಮಳೆ. ಪಕ್ಕದಲ್ಲಿ ಉಳಿದಿದ್ದ ಒಬ್ಬರೇ ಒಬ್ಬರು ಅಜ್ಜ, ಅವರಿಗೆ ನೆಗಡಿಯಾಗಿ ವಾಸನೆ ತಿಳಿಯುತ್ತಿರಲಿಲ್ಲವೆಂದು ಕಾಣುತ್ತದೆ, ಇವತ್ತು ಮೆತ್ತನೆಯ ದಿನ ಎಂದರು. ಅಲ್ಲಿ ಜಡಿಮಳೆಗೆ ಹಾಗನ್ನುತ್ತಾರಂತೆ. ನಾವು ಪ್ರತಿ ಮಳೆಗೂ ನಕ್ಷತ್ರದ ಹೆಸರಿಟ್ಟು, ಆರಿದ್ರಾ ಯಾವಾಗ ಹಿಡಿಯಿತು, ಉತ್ತರೆ ಯಾವಾಗ ಬಿಟ್ಟಿತು ಎಂದು ಲೆಕ್ಕ ಇಡುವ ಜನ. ಇವರ ಮಳೆಗೆ ಶುರು ಎಂಬುದೂ ಇಲ್ಲ, ಮುಗಿಯಿತು ಎಂಬುದೂ ಇಲ್ಲ. ಆಗ ಇದನ್ನು ತಮಾಷೆಯಾಗಿ ಅಂದುಕೊಂಡಿದ್ದೆ.

ಅಕ್ಕನ ಗೇಟು

ಅಕ್ಕ ಬಸ್ ಸ್ಟಾಪಿನಲ್ಲಿ ಭಾವನ ಕೋಟು ತೊಟ್ಟು ನಿಂತಿದ್ದಳು. ತೋಳು ಬೆರಳಿನ ತನಕ ಇಳಿದಿತ್ತು. ಸಣ್ಣವಳಾಗಿಹೋಗಿದ್ದಳು. ನನ್ನನ್ನು ತಬ್ಬಿಕೊಂಡಳು, ಬಿಟ್ಟಳು, ಮನೆ ಮುಟ್ಟಿದ್ದೇ ಚೀಲವನ್ನು ಬಾಗಿಲಲ್ಲೇ ಇಳಿಸಿ, "ಬಾ, ಮೊದ್ಲು ರೋರಿನ್ನ ನೋಡು" ಎಂದು ಹಿತ್ತಿಲ ಗೇಟಿಗೆ ಕರೆದೊಯ್ದಳು. ಅಷ್ಟು ದೂರದಿಂದ ಬಂದವಳಿಗೆ ಒಂದು ಲೋಟ ನೀರು ಕೊಡುವ ಮುಂಚೆ.

ಗೇಟಿನಾಚೆ ಕುದುರೆ ನಿಂತಿತ್ತು. ಕುದುರೆ ಎನ್ನುವುದಕ್ಕಿಂತ ನಾಲ್ಕು ಕಾಲಿನ ಮೇಲೊಂದು ಹಾಸಿಗೆ. ಕುತ್ತಿಗೆಯಿಂದ ಬಾಲದ ಬುಡದ ತನಕ ದಪ್ಪ ಹತ್ತಿ ತುಂಬಿದ ನೀಲಿ ರಗ್ಗು, ಮೇಲೆ ಟಾರ್ಪಾಲಿನಂಥ ಬಟ್ಟೆ. ಎದೆಗೆ ಬಕಲ್, ಹೊಟ್ಟೆಯಡಿ ಅಡ್ಡಡ್ಡ ಬೆಲ್ಟು. ಹೊರಗೆ ಕಾಣುತ್ತಿದ್ದದ್ದು ಮುಖ, ಕಾಲು, ಬಾಲ. ಮೂಗಿನ ಹೊಳ್ಳೆ ಅಗಲವಾಗಿ ಉಬ್ಬಿ ಇಳಿಯುತ್ತಿತ್ತು. ಬಸ್ ಸ್ಟಾಪಿನಿಂದ ದಿಣ್ಣೆ ಹತ್ತಿ ಬರುವಾಗ ಸೆಕೆಯಾಗಿ ನಾನು ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ.

"ಇಷ್ಟ್ ದಪ್ಪದ್ದು ಎಂತಕ್ಕೆ ಅಕ್ಕ? ಚಳಿಯೇ ಇಲ್ವಲ್ಲ."

"ನಿಂಗೆ ಈಗ್ ಬಂದಿದ್ದಕ್ಕೆ ಹಂಗ್ ಅನ್ನಿಸ್ತದೆ. ಮೂಳೆಗೆ ಇಳಿಯೋ ಥಂಡಿ ಇದು," ಅಂದಳು. ಗೇಟಿನ ಮೇಲೆ ಬಾಗಿ ಬಕಲ್ ಗಟ್ಟಿ ಇದೆಯೇ ಎಂದು ಎಳೆದು ನೋಡಿದಳು. ಮಗುವಿನ ಟೋಪಿಯ ದಾರ ಬಿಗಿಯುವಾಗ ಅವ್ವ ಹೀಗೇ ಮಾಡುತ್ತಿದ್ದಳು.

ವಿಷಯ ಹೊರಬಿದ್ದದ್ದು ಚಹಾ ಕುಡಿಯುವಾಗ. ಪಕ್ಕದ ಹೊಲದ ನೋರಾ ಎಂಬ ಹೆಂಗಸು ಪ್ರಾಣಿದಯಾ ಸಂಘದವರಿಗೆ ದೂರು ಕೊಟ್ಟಿದ್ದಾಳೆ. ಕುದುರೆಯ ಮೇಲಿನ ರಗ್ಗು ಇಳಿಯುವುದೇ ಇಲ್ಲ, ಅದು ಒಳಗೇ ಬೇಯುತ್ತಿದೆ ಎಂದು. ಸಂಘದ ಇನ್ಸ್‌ಪೆಕ್ಟರ್ ಗುರುವಾರ ಬರುತ್ತಾಳೆ. ನೋಡಿ ಸರಿಯಿಲ್ಲ ಅನ್ನಿಸಿದರೆ ಕುದುರೆಯನ್ನು ಹೊಡೆದುಕೊಂಡು ಹೋಗುತ್ತಾರೆ.

"ನೀ ಡಾಕ್ಟ್ರು ಅಂತ ಹೇಳಿಟ್ಟಿದೀನಿ," ಅಂದಳು ಅಕ್ಕ. "ನನ್ನ್ ತಂಗಿ ಬತ್ತಾಳೆ, ದೊಡ್ಡ್ ಡಾಕ್ಟ್ರು, ಅವ್ಳೇ ನೋಡಿ ಹೇಳ್ತಾಳೆ ಅಂದೆ. ನೀ ಹೇಳಿದ್ರೆ ಕೇಳ್ತಾರೆ ಜಯಾ. ರೋರಿ ಹೋದ್ರೆ ನಂಗೆ ಇಲ್ಲಿ ಎಂಥ ಇದೆ?"

ಚಹಾ ಲೋಟ ಕೆಳಗಿಟ್ಟೆ. ನಿನ್ನ ನೋಡಬೇಕು ಅನ್ನಿಸುತ್ತಿದೆ ಎಂದಿದ್ದಳಲ್ಲ, ಅದರ ಅರ್ಥ ಇಷ್ಟು. ಅವಳಿಗೆ ಬೇಕಾಗಿದ್ದದ್ದು ತಂಗಿಯಲ್ಲ, ಸಾಕ್ಷಿ. ಅವ್ವನ ರವಿಕೆಯನ್ನು ಚೀಲದಿಂದ ತೆಗೆಯಲು ಮನಸ್ಸಾಗಲಿಲ್ಲ. ಮಲಗುವ ಕೋಣೆಯಲ್ಲಿ ನನಗೆ ಕೊಟ್ಟ ರಜಾಯಿ ತೆಳ್ಳಗಿತ್ತು. ಅಲ್ಲಿಯವರು ಹೀಟರನ್ನು ಊಟದ ಹೊತ್ತಿಗೆ ಮಾತ್ರ ಹಾಕಿ ಆರಿಸಿಬಿಡುತ್ತಾರೆ. ಈ ಮನೆಯಲ್ಲಿ ಬೆಚ್ಚಗಿರುವ ಪ್ರಾಣಿ ಒಂದೇ, ಅದೂ ಹೊರಗಿದೆ ಎಂದುಕೊಂಡು ಮುದುಡಿ ಮಲಗಿದೆ.

ನೋರಾಳ ಕಲ್ಲುಬೇಲಿ

ಮರುದಿನ ಬೇಲಿಯ ಹತ್ತಿರ ನಿಂತಿದ್ದಾಗ ನೋರಾಳೇ ಬಂದಳು. ಬಿಳಿ ಕೂದಲಿನ ಗಟ್ಟಿ ಹೆಂಗಸು. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು, ಅಕ್ಕನಿಗೆ. ದೂರು ಕೊಟ್ಟವಳು ಇವಳೇ, ವಾರ ವಾರ ಬ್ರೆಡ್ಡು ತರುವವಳೂ ಇವಳೇ. ಈ ವಿಷಯ ಸರೋಜಳಿಗೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಯ್ಯೋ, ಅದು ಹೇಗೆ ಹೇಳುವುದು, ಅವಳಿಗೆ ಬೇಜಾರಾಗುವುದಿಲ್ಲವೇ ಎಂದಳು. ನಮ್ಮೂರಿನಲ್ಲಾದರೆ ಅಂಗಳದಲ್ಲಿ ನಿಂತು, ನಿನ್ನ ಕುದುರೆ ಸಾಯ್ತದೆ ನೋಡು ಎಂದು ಊರಿಗೆ ಕೇಳುವ ಹಾಗೆ ಕೂಗಿ, ಸಂಜೆ ಬಂದು ಹುಳಿಗೆ ಹುಣಸೆಹಣ್ಣು ಕೇಳುತ್ತಿದ್ದರು. ಯಾವುದು ಒಳ್ಳೆಯದು ಎಂದು ಆಗ ನನಗೆ ಅನುಮಾನವೇ ಇರಲಿಲ್ಲ.

ಅವಳ ಹೊಲದಲ್ಲೂ ಒಂದು ಕುದುರೆ, ಅದರ ಮೇಲೂ ರಗ್ಗು. ನಿಮ್ಮದಕ್ಕೆ ಯಾಕೆ ಎಂದೆ. ಅವಳು ಬೇಲಿ ದಾಟಿಸಿ ಕರೆದು, ರಗ್ಗಿನ ಅಂಚು ಎತ್ತಿ ತೋರಿಸಿದಳು. ಕೂದಲನ್ನು ಮೆಶಿನ್ನಿನಲ್ಲಿ ಸಣ್ಣಗೆ ಕತ್ತರಿಸಿದ್ದರು. ಮೊಮ್ಮಗಳು ಚಳಿಗಾಲವೆಲ್ಲ ಸವಾರಿ ಮಾಡುತ್ತಾಳೆ, ಕೂದಲಿದ್ದರೆ ಬೆವತು ಒಣಗುವುದಿಲ್ಲ, ಅದಕ್ಕೇ ಕತ್ತರಿಸುವುದು, ಕತ್ತರಿಸಿದ್ದಕ್ಕೆ ಹೊದಿಸುವುದು ಎಂದಳು. ಅದೂ ತೆಳ್ಳನೆಯದು. ಬೆಳಿಗ್ಗೆ ಅಂಗೈಯನ್ನು ಹೆಗಲ ಹಿಂದೆ ಒಳಗೆ ತೂರಿಸಿ, ಬೆವತಿದೆಯೇ ತಣ್ಣಗಿದೆಯೇ ನೋಡಿ, ಬಿಚ್ಚಿ, ಆಮೇಲೆ ಹಾಕಬೇಕೋ ಬೇಡವೋ ಎಂದು ತೀರ್ಮಾನ. ಆಕಾಶ ನೋಡಿ ಅಲ್ಲ.

ಓದಿದ್ದನ್ನು ನಾನೂ ನೆನಪು ಮಾಡಿಕೊಂಡೆ. ಕುದುರೆಯ ಹೊಟ್ಟೆಯಲ್ಲಿ ತಿಂದ ಹುಲ್ಲು ಹುಳಿಯುತ್ತಾ ಹಗಲಿರುಳೂ ಒಲೆಯ ಹಾಗೆ ಬಿಸಿ ಕೊಡುತ್ತದೆ. ಚಳಿಯಾದರೆ ಅದರ ಕೂದಲು ನಿಮಿರಿ, ನಡುವೆ ಗಾಳಿ ಹಿಡಿದು, ತಾನೇ ಕಂಬಳಿಯಾಗುತ್ತದೆ. ಅದರ ಮೇಲೆ ಭಾರದ ರಗ್ಗು ಹೇರಿದರೆ ಕೂದಲು ಒತ್ತಿಹೋಗಿ ಆ ಕಂಬಳಿಯೂ ಇಲ್ಲ. ತೀರ ಮುದಿಯಾದ, ಬಡಕಲಾದ ಕುದುರೆಗೆ ಗಾಳಿಮಳೆಯಲ್ಲಿ ಹೊದಿಕೆ ಬೇಕಾದೀತು, ಇಲ್ಲವೆನ್ನುವುದಿಲ್ಲ. ಆದರೆ ದಿನಾ ಬಿಚ್ಚಿ ನೋಡದ ಹೊದಿಕೆ ಹೊದಿಕೆಯಲ್ಲ.

ಮಳೆ ಹೊಳವಾದಾಗ

ಬುಧವಾರ ಮಧ್ಯಾಹ್ನ ಮಳೆ ಸ್ವಲ್ಪ ನಿಂತು ಹೊಳವಾಯಿತು. ಅಕ್ಕ ರೋರಿಗೆ ಹುಲ್ಲು ಹಾಕುತ್ತಿದ್ದಳು. ನಾನು ಅದರ ಕುತ್ತಿಗೆ ಸವರುತ್ತಾ ಹಾಗೇ ಕೈಯನ್ನು ರಗ್ಗಿನೊಳಗೆ ತೂರಿಸಿದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ. ಅಂಗೈ ಒದ್ದೆಯಾಗಿ, ಬೆರಳಿಗೆ ಗಾಯದ ಹೊಪ್ಪಳೆ ತಾಗಿತು.

"ಅಕ್ಕ, ಇದನ್ನ ಕೊನೇ ಸಲ ಬಿಚ್ಚಿದ್ದು ಯಾವಾಗ?"

"ದಿನಾ ನೋಡ್ತೀನಲ್ಲ. ಬೆಲ್ಟ್ ನೋಡ್ತೀನಿ, ಮೇಲೆಲ್ಲ ಒರೆಸ್ತೀನಿ."

"ನೋಡಿದ್ದಲ್ಲ, ಬಿಚ್ಚಿದ್ದು ಯಾವಾಗ?"

ಅಕ್ಕ ಹುಲ್ಲಿನ ಬುಟ್ಟಿ ಕೆಳಗಿಟ್ಟು ನೇರ ನಿಂತಳು. "ಬಿಚ್ಚೋದು ಮಳೆ ಮುಗಿದ್ಮೇಲೆ. ಅಪ್ಪಯ್ಯ ಕರುಗಳಿಗೆ ಗೋಣಿ ಕಟ್ಟಿದ್ರೆ ಮಳೆ ಮುಗಿಯೋ ತಂಕ ಬಿಚ್ತಿದ್ರಾ? ಒಂದ್ ಕರುನಾದ್ರೂ ಸತ್ತಿತ್ತಾ ನಮ್ಮನೇಲಿ?"

ಹೌದು, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆ ಪದ್ಧತಿಯಿತ್ತು. ಆರಿದ್ರಾ ಮಳೆ ಹಿಡಿಯುವ ಮುಂಚೆ ಅಪ್ಪಯ್ಯ ಎಳೆಗರುಗಳ ಬೆನ್ನಿಗೆ ಗೋಣಿಚೀಲ ಕಟ್ಟುತ್ತಿದ್ದರು. ಉತ್ತರೆ ಮಳೆ ಬಿಟ್ಟ ಮೇಲೆ ಒಂದು ದಿನ ಗೋಣಿ ಬಿಚ್ಚಿ, ಕರುಗಳಿಗೆ ಬಿಸಿನೀರು ಹೊಯ್ದು, ಬೆಲ್ಲ ತಿನ್ನಿಸುತ್ತಿದ್ದರು. ಅಕ್ಕನಿಗೆ ಆ ದಿನ ಹಬ್ಬ. ಬೆಲ್ಲ ತಿನ್ನಿಸುವವಳು ಅವಳೇ. ಅದನ್ನೇ ನೆನಪಿನಲ್ಲಿಟ್ಟುಕೊಂಡು, ಮಳೆ ಮುಗಿಯದ ದೇಶದಲ್ಲಿ, ಮಳೆ ಮುಗಿಯಲಿ ಎಂದು ಕಾಯುತ್ತಾ ಕೂತಿದ್ದಳು ನನ್ನ ಅಕ್ಕ. ನಗು ಬರಬೇಕಾಗಿತ್ತು, ಬರಲಿಲ್ಲ.

"ಅಪ್ಪಯ್ಯ ಬಿಚ್ತಿರ್ಲಿಲ್ಲ," ಅಂದೆ. "ಅವ್ವ ಬಿಚ್ತಿದ್ಲು. ದಿನಾ ಬೆಳಿಗ್ಗೆ ಒದ್ದೆ ಗೋಣಿ ತೆಗ್ದು, ಕರು ಮೈಯ್ಯೆಲ್ಲ ಒಣಹುಲ್ಲಲ್ಲಿ ತಿಕ್ಕಿ, ಬಚ್ಚಲೊಲೆ ಮೇಲೆ ಒಣಗ್ಸಿದ್ ಬೇರೆ ಗೋಣಿ ಕಟ್ತಿದ್ಲು."

"ಸುಳ್ಳು. ನಾ ನೋಡೇ ಇಲ್ಲ."

"ನೀ ಏಳೋದ್ರೊಳಗೆ ಮುಗೀತಿತ್ತು."

"ನೀ ಹೆಂಗ್ ನೋಡ್ದೆ ಮತ್ತೆ?"

"ನಾ ಅವ್ವನ್ ಜೊತೆ ಏಳ್ತಿದ್ದೆ ಅಕ್ಕ. ಕೊನೇ ತಂಕ ಅವ್ವನ್ ಜೊತೆನೇ ಎದ್ದೆ."

ಆ ಕೊನೆಯ ಮಾತು ಕುದುರೆಗೆ ಸಂಬಂಧಿಸಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಬಕಲ್ ಬಿಚ್ಚತೊಡಗಿದಳು. ನಾನು ಹೊಟ್ಟೆಯಡಿಯ ಬೆಲ್ಟು ಬಿಡಿಸಿದೆ. ರಗ್ಗು ಎರಡಾಳಿನ ಭಾರ. ಎಳೆದು ಕೆಳಗೆ ಹಾಕಿದಾಗ ಬಂದ ವಾಸನೆಗೆ ನಾನೂ ಮುಖ ತಿರುಗಿಸಿದೆ.

ಹೆಗಲಿನ ಎರಡೂ ಕಡೆ ಕೂದಲು ಉಜ್ಜಿಹೋಗಿ ಬೋಳಾಗಿತ್ತು. ಕುತ್ತಿಗೆ ಬೆನ್ನಿಗೆ ಕೂಡುವ ಉಬ್ಬಿನ ಮೇಲೆ ರಗ್ಗಿನ ಅಂಚು ಒತ್ತಿ ಆದ ಹುಣ್ಣು. ಬೆನ್ನುದ್ದಕ್ಕೂ ಕಜ್ಜಿ. ಇದೇ ಕಜ್ಜಿಯನ್ನು ಹೊಸನಗರದಲ್ಲಿ ಜಡಿಮಳೆಗೆ ನೆನೆದ ದನಗಳಲ್ಲಿ ನೋಡಿದ್ದೇನೆ. ಮೇಲಿಂದ ದುಂಡಗೆ ಕಾಣುತ್ತಿದ್ದ ಕುದುರೆಯ ಪಕ್ಕೆಲುಬು ಒಂದೊಂದೂ ಎಣಿಸುವ ಹಾಗಿತ್ತು. ನಾನು ಫೋಟೋ ತೆಗೆದುಕೊಂಡೆ, ಕೆಲಸದ ಅಭ್ಯಾಸ. ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಇರುವ ರೋಗಿಗಳನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ನೋಡಿ, ಹುಣ್ಣಾಗದ ಹಾಗೆ ಪೌಡರ್ ಹಾಕಿದವಳು ಅವಳು. ಜೀವಮಾನವೆಲ್ಲ ಅದೇ ಕೆಲಸ. ಗೊತ್ತಿರುವುದನ್ನು ಮನುಷ್ಯ ಮನೆಯೊಳಗೆ ಯಾಕೆ ಮರೆಯುತ್ತಾನೆ ಎಂಬುದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುವವರಿದ್ದಾರೆ. ನನಗೆ ಅವರ ಸಹವಾಸ ಬೇಡ.

ಸಂಜೆ ಮತ್ತೆ ಮೋಡ ಕವಿದಾಗ ಅವಳು ಆ ರಗ್ಗನ್ನೇ ಎತ್ತಿಕೊಂಡು ಹೊಲಕ್ಕೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಭಾವ ಕಟ್ಟಿಸಿದ ಒಂದು ಷೆಡ್ಡಿತ್ತು, ಕುದುರೆಯನ್ನು ಅಲ್ಲಿಗೆ ಬಿಟ್ಟು ಗಾಯಕ್ಕೆ ಅರಿಶಿನ ಹಚ್ಚಿ ಬಂದೆವು. ಅವಳು ಊಟ ಮಾಡಲಿಲ್ಲ.

ಗುರುವಾರ

ಇನ್ಸ್‌ಪೆಕ್ಟರ್ ಎಂದರೆ ನಾನು ಖಾಕಿ ನಿರೀಕ್ಷಿಸಿದ್ದೆ. ಬಂದವಳು ರಬ್ಬರ್ ಬೂಟಿನ ಒಬ್ಬ ಸಣ್ಣ ವಯಸ್ಸಿನ ಹೆಂಗಸು. ಮೊದಲು ಹವೆಯ ಬಗ್ಗೆ ಮಾತಾಡಿದಳು, ಆಮೇಲೆ ಭಾವನ ಬಗ್ಗೆ, ಆಮೇಲೆ ಚಹಾ. ಎಲ್ಲ ಮುಗಿದ ಮೇಲೆ ಕುದುರೆಯ ಹತ್ತಿರ ಹೋದಳು. 'ಹೋ, ಮುದುಕಪ್ಪ' ಎಂಬರ್ಥದ ಏನನ್ನೋ ಅದರ ಕಿವಿಯಲ್ಲಿ ಹೇಳುತ್ತಾ ಮೈಯೆಲ್ಲ ಮುಟ್ಟಿ ನೋಡಿದಳು. ಮುಖದಲ್ಲಿ ನಗು ಉಳಿಯಲಿಲ್ಲ. ನನ್ನ ಕಡೆ ತಿರುಗಿ, ನೀವೂ ಪಶುವೈದ್ಯರಂತೆ, ನಿಮಗೇನನ್ನಿಸುತ್ತದೆ ಎಂದು ಕೇಳಿದಳು.

ಅಕ್ಕ ಕನ್ನಡದಲ್ಲಿ, ಮೆಲ್ಲಗೆ, ಅವಳ ಎದುರೇ ಹೇಳಿದಳು: "ಜಯಾ, ಹೊಸ ಗಾಯ ಅನ್ನು. ಮೊನ್ನೆ ಮೊನ್ನೆ ಆಗಿದ್ದು ಅನ್ನು. ನಿನ್ನ್ ಕಾಲಿಗ್ ಬೀಳ್ತೀನಿ."

ಸುಳ್ಳು ಹೇಳಿದ್ದರೆ ಆ ಹುಡುಗಿ ನಂಬುತ್ತಿದ್ದಳೋ ಇಲ್ಲವೋ. ಬೋಳು ಹೆಗಲೇ ಎಲ್ಲ ಹೇಳುತ್ತಿತ್ತು. ಆದರೆ ನಾನು ಅಷ್ಟೆಲ್ಲ ಯೋಚಿಸಲಿಲ್ಲ. ಇದು ಹಳೆಯ ಗಾಯ, ತಿಂಗಳುಗಟ್ಟಲೆ ರಗ್ಗು ಬಿಚ್ಚದೆ ಆದದ್ದು, ಇನ್ನೂ ಹಾಕಿಟ್ಟರೆ ಕುದುರೆ ಉಳಿಯುವುದಿಲ್ಲ ಎಂದೆ. ನನ್ನ ಬಾಯಲ್ಲಿ ಆಗ ಮಾತಾಡಿದ್ದು ಬರೀ ಡಾಕ್ಟರ್ ಎಂದರೆ ಅದು ಸುಳ್ಳಾಗುತ್ತದೆ. ಸೀರೆ ತರಲು ಬಾರದವಳ ತಂಗಿಯೂ ಮಾತಾಡಿದಳು. ಇವಳು ಬೇಕೆಂದು ಹಿಂಸೆ ಕೊಟ್ಟವಳಲ್ಲ, ಪ್ರೀತಿಯಿಂದಲೇ ಮಾಡಿದ್ದು ಎಂದು ಆಮೇಲೆ ಸೇರಿಸಿದೆ. ಅಕ್ಕನ ಕಿವಿಗೆ ಅದು ಬಿದ್ದ ಹಾಗೆ ಕಾಣಲಿಲ್ಲ.

ಇನ್ಸ್‌ಪೆಕ್ಟರ್ ಮೃದುವಾಗಿಯೇ ತೀರ್ಪು ಕೊಟ್ಟಳು. ಗಾಯ ಮಾಯುವ ತನಕ ರಗ್ಗು ಹಾಕಬಾರದು. ಗಾಳಿಮಳೆ ಜೋರಾದರೆ ಷೆಡ್ಡಿಗೆ ಕಟ್ಟಿ ಹೆಚ್ಚು ಹುಲ್ಲು ಕೊಡಬೇಕು. ತಾನು ಹೇಳದೆ ಕೇಳದೆ ಬಂದು ನೋಡುತ್ತೇನೆ, ಮತ್ತೆ ರಗ್ಗು ಕಂಡರೆ ಕುದುರೆಯನ್ನು ಒಯ್ಯುವುದೇ. ಅಷ್ಟು ಹೇಳಿ, ಚಹಾಕ್ಕೆ ಥ್ಯಾಂಕ್ಸ್ ಹೇಳಿ ಹೋದಳು.

ರೋರಿ ಅವಳ ಗಾಡಿ ಮರೆಯಾಗುವುದನ್ನೇ ಕಾದಿತ್ತೋ ಎಂಬಂತೆ ಹೊಲದ ನಡುವೆ ಹೋಗಿ, ಮುಂಗಾಲು ಮಡಿಸಿ, ಕೆಸರಿನಲ್ಲಿ ಬಿದ್ದು ಹೊರಳಾಡಿತು. ಆ ಮುದಿ ಪ್ರಾಣಿ ನಾಲ್ಕೂ ಕಾಲು ಮೇಲೆತ್ತಿ ಬೆನ್ನು ತಿಕ್ಕಿಕೊಂಡದ್ದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ತೋರಿಸೋಣವೆಂದು ತಿರುಗಿದರೆ ಅಕ್ಕ ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಮತ್ತೆ ಅದೇ ಬಸ್ ಸ್ಟಾಪು

ಉಳಿದ ದಿನಗಳಲ್ಲಿ ಅಕ್ಕ ನನ್ನೊಂದಿಗೆ ಆಡಿದ್ದು, ಅನ್ನ ಹಾಕ್ಲಾ, ಸಾಕಾ, ಇಷ್ಟೇ. ಕಿಟಕಿಯಲ್ಲಿ ನಿಂತು ಹೊಲ ನೋಡುತ್ತಿದ್ದಳು. ಮಳೆ ಜೋರಾದರೆ ಅವಳ ಕೈ ತಾನಾಗಿಯೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿತ್ತು. ನಾನು ಷೆಡ್ಡು ತೊಳೆದು, ಗಾಯಕ್ಕೆ ಔಷಧ ಹಚ್ಚಿ, ನೋರಾಳ ಹತ್ತಿರ ಹುಲ್ಲಿನ ಏರ್ಪಾಡು ಮಾಡಿದೆ. ಅವ್ವನ ರವಿಕೆಯನ್ನು ಕೊನೆಗೂ ತೆಗೆದು ಅಕ್ಕನ ಮಂಚದ ಮೇಲಿಟ್ಟೆ. ಎತ್ತಿಟ್ಟುಕೊಂಡಳು.

ಹೊರಟ ದಿನ ಬಸ್ ಸ್ಟಾಪಿನ ತನಕ ಬಂದಳು. ಬಸ್ಸು ದೂರದ ತಿರುವಿನಲ್ಲಿ ಕಂಡಾಗ, ನನ್ನ ಮುಖ ನೋಡದೆ ಕೇಳಿದಳು:

"ಅವ್ವಂಗೆ ನನ್ನ ಹೆಸ್ರಲ್ಲಿ ಹೊದ್ಸಿದ್ಯಲ್ಲ, ಸೀರೆ, ಅದು ಯಾವ್ ಬಣ್ಣ?"

"ನೀಲಿ. ಸಣ್ಣ ಅಂಚು."

"ದಪ್ಪ ಇತ್ತಾ?"

ಅವ್ವ ಹೋದ ದಿನದ ಮಳೆಯಲ್ಲಿ, ಆ ಅವಸರದಲ್ಲಿ, ಅಂಗಡಿಯಲ್ಲಿ ಸಿಕ್ಕಿದ್ದು ತೆಳ್ಳನೆಯ ನೈಲಾನ್ ಸೀರೆ. "ದಪ್ಪ ಇತ್ತು ಅಕ್ಕ, ಒಳ್ಳೇ ದಪ್ಪ," ಎಂದೆ. ಕುದುರೆಯ ವಿಷಯದಲ್ಲಿ ಹೇಳದ ಸುಳ್ಳನ್ನು ಇಲ್ಲಿ ಹೇಳಿದೆ. ಅವಳು ತಲೆ ಆಡಿಸಿ, ನನ್ನ ಸ್ವೆಟರಿನ ಮೇಲಿನ ಗುಂಡಿ ಹಾಕಿದಳು. ಬಸ್ಸು ಬಂತು. ಡಬ್ಲಿನ್‌ನಲ್ಲಿ ಇಳಿಯುವಾಗ ನಾನೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿದೆ.

ಸಾಗರ

ಆರಿದ್ರಾ ಮಳೆ ಹಿಡಿದು ನಾಲ್ಕೈದು ದಿನವಾಗಿತ್ತು. ಅವ್ವನ ವರ್ಷಾಂತಿಕದ ತಯಾರಿಯಲ್ಲಿದ್ದೆ. ಅಕ್ಕನ ಫೋನು ಬಂತು.

"ರೋರಿನ್ನ ಕರ್ಕೊಂಡ್ ಹೋದ್ರು ಜಯಾ."

"ಎಂಥ ಆಯ್ತು?"

"ಗಾಳಿ ಮಳೆ. ಷೆಡ್ಡಲ್ಲಿ ಕಟ್ಟಿದ್ರೆ ಒಳ್ಗಿಂದ ನನ್ನೇ ನೋಡ್ತಿತ್ತು. ತಡ್ಕೊಳಕ್ಕಾಗ್ಲಿಲ್ಲ, ಹೊದ್ಸಿದೆ. ಬೆಳಿಗ್ಗೆ ಬಿಚ್ಚಿ ನೋಡ್ಬೇಕು ಅಂತಾನೇ ಇದ್ದೆ. ಅಷ್ಟ್ರಲ್ಲಿ ಆ ಇನ್ಸ್‌ಪೆಕ್ಟರ್ ಬಂದ್ಬಿಟ್ಲು."

ನಾನು ಬೈಯಲಿಲ್ಲ. ಬೈಯುವುದಕ್ಕೆ ಏನು ಉಳಿದಿತ್ತು? ಅವಳು ಅತ್ತು ಮುಗಿಯುವ ತನಕ ಫೋನು ಹಿಡಿದು ಕೂತೆ. ಆಮೇಲೆ ಮೆಲ್ಲಗೆ ಹೇಳಿದೆ, "ಅಕ್ಕ, ಈಗಾದ್ರೂ ಬಾ. ಅವ್ವನ ವರ್ಷದ್ದು ಮುಂದಿನ ವಾರ. ಈಗ ನೋಡ್ಕೊಳಕ್ಕೆ ಅಲ್ಲಿ ಎಂಥದೂ ಇಲ್ವಲ್ಲ."

ಅಲ್ಲಿಯ ಮಳೆಯೋ ಇಲ್ಲಿಯದೋ, ಫೋನಿನಲ್ಲಿ ಬರೀ ಸದ್ದು.

"ವಾರಕ್ಕೊಂದ್ಸಲ ನೋಡಕ್ ಬಿಡ್ತಾರಂತೆ," ಅಂದಳು. "ನಾ ಹೋಗ್ದೇ ಇದ್ರೆ ರೋರಿ ಹುಡುಕ್ತದೆ ಜಯಾ."

ಅವ್ವ ಹುಡುಕಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಆಯ್ತು ಎಂದೆ. ಇಷ್ಟು ದಿನ ಎಲ್ಲದಕ್ಕೂ ಆ ಕುದುರೆಯೇ ಅಡ್ಡ ಎಂದುಕೊಂಡಿದ್ದೆ. ಕುದುರೆ ಹೋದ ಮೇಲೂ ಅವಳು ಬರುವವಳಲ್ಲ.

ವರ್ಷದ ದಿನ ಎಡೆಯ ಮುಂದೆ ಹೊಸ ಸೀರೆ ಇಡಬೇಕು. ಹಿಂದಿನ ದಿನ ಕೊಡೆ ಹಿಡಿದು ಅದೇ ಅಂಗಡಿಗೆ ಹೋದೆ. ಅಂಗಡಿಯವನಿಗೆ ಹೋದ ವರ್ಷದ್ದು ನೆನಪಿತ್ತು. ಕೇಳುವ ಮುಂಚೆಯೇ ಎರಡು ಸೀರೆ ತೆಗೆದು, "ನಿಮ್ಮಕ್ಕೋರದ್ದೂ ಸೇರಿ ಎರಡಲ್ವಾ ಡಾಕ್ಟ್ರಮ್ಮ?" ಎಂದ.

ಎರಡನ್ನೂ ಮುಟ್ಟಿ ನೋಡಿದೆ. ತೆಳ್ಳಗಿದ್ದ ನೀಲಿಯದನ್ನು ಅವನ ಕಡೆಗೆ ವಾಪಸು ಸರಿಸಿ, ಒಂದನ್ನೇ ಕಟ್ಟಿಸಿಕೊಂಡು ಬಂದೆ. ಈ ಸಲ ಅವ್ವನ ಎಡೆಗೆ ಇಟ್ಟದ್ದು ಒಂದೇ ಸೀರೆ, ನನ್ನದು.